ಹನ್ನೆರಡು ಚಿತ್ರಗಳ ಮೆಟ್ಟಿಲು

ಸಕಾತಾ
ಅಕ್ಟೋಬರ್ 9, 2018

ಕಜಿತಾನಿ-ಕುನ್,

ಋತುವಿನ ಮೇಲೆ ನಾಲ್ಕು ಸಾಲು ಬರೆದು ಆಮೇಲೆ ವಿಷಯಕ್ಕೆ ಬರುವ ತಾಳ್ಮೆ ನನಗೆ ಎಂದೂ ಇರಲಿಲ್ಲ, ನಿನಗೇ ಗೊತ್ತು. ಇಲ್ಲಿ ಗಾಳಿ ಶುರುವಾಗಿದೆ. ಅಷ್ಟು ಸಾಕು.

ಶಿನ್ಸಾಕು ತೀರಿಹೋಗಿ ಎರಡು ವರ್ಷವಾಯಿತು. ಆಗ ನಿನ್ನಿಂದ ಕಪ್ಪು ದಾರ ಕಟ್ಟಿದ ಸಂತಾಪದ ಹಣದ ಲಕೋಟೆ ಬಂತು, ನೀನು ಬರಲಿಲ್ಲ. ಜಗಳಕ್ಕೆ ಬರೆಯುತ್ತಿಲ್ಲ, ಹೆದರಬೇಡ. ಒಂದು ಕೆಲಸ ಕಲಿಯಬೇಕಾಗಿದೆ. ನಿನಗೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದವಳು ನಾನು. ಈಗ ನೀನು ಟೋಕಿಯೊದಲ್ಲಿ ಹುಡುಗ ಹುಡುಗಿಯರಿಗೆ ಕಂಪ್ಯೂಟರಿನಲ್ಲಿ ಅನಿಮೇಷನ್ ಕಲಿಸುತ್ತೀಯಂತೆ. ಇನ್ನೊಬ್ಬ ವಿದ್ಯಾರ್ಥಿನಿಯನ್ನು ಸೇರಿಸಿಕೋ. ವಯಸ್ಸು ಅರವತ್ತೈದು.

ನಮ್ಮ ಅಣ್ಣನ ಮಗಳು ಹಿಸಾಯೊ ಪಕ್ಕದಲ್ಲೇ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಹೊಸ ಟ್ಯಾಬ್ಲೆಟ್ ಕೊಂಡು ಹಳೆಯದನ್ನು ನನಗೆ ದಾಟಿಸಿದಳು. "ಅತ್ತೆ, ಸುಮ್ನೆ ಕೂತಿರ್ತೀರಲ್ಲ, ಇದ್ರಲ್ಲಿ ಏನಾದ್ರೂ ಬರೀರಿ" ಅಂದಳು. ಅದರಲ್ಲಿ ಚಿತ್ರ ಬರೆಯುವ ಆ್ಯಪ್ ಇದೆ. ಅದರಲ್ಲಿ ಒಂದೇ ಚಲನೆ ಮತ್ತೆ ಮತ್ತೆ ಸುತ್ತುವ ಲೂಪ್ ಮಾಡಬಹುದಂತೆ.

ನನಗೆ ಬೇಕಾದದ್ದು ಒಂದೇ ಲೂಪ್. ಶಿನ್ಸಾಕು ನಮ್ಮ ಸ್ಟುಡಿಯೊದ ಕಬ್ಬಿಣದ ಮೆಟ್ಟಿಲು ಹತ್ತಿ ಬರಬೇಕು. ಕಂಕುಳಲ್ಲಿ ಚಿತ್ರದ ಹಾಳೆಗಳ ಚೀಲ, ಒಂದು ಕೈ ಕಂಬಿಯ ಮೇಲೆ. ಬಲಗಾಲು ಮೇಲಿಡುತ್ತಾನೆ, ಬಗ್ಗದ ಎಡಗಾಲನ್ನು ಎಳೆದುಕೊಂಡು ಅದೇ ಮೆಟ್ಟಿಲಿಗೆ ತರುತ್ತಾನೆ. ಮತ್ತೆ ಬಲಗಾಲು. ಅಷ್ಟೇ. ಮುಗಿಯುವುದು ಬೇಡ.

ಮನೆಯಲ್ಲಿ ಅವನ ಫೋಟೊ ಹದಿನೇಳಿವೆ. ಒಂದರಲ್ಲೂ ಅವನು ಅಲುಗಾಡುವುದಿಲ್ಲ. ಎಲ್ಲರೂ ವಿಡಿಯೊ ತೆಗೆಯುತ್ತಿದ್ದ ಕಾಲದಲ್ಲಿ ನಾವು ಕ್ಯಾಮೆರಾ ಕೊಳ್ಳಲಿಲ್ಲ. ದಿನವಿಡೀ ಚಿತ್ರದ ಗೊಂಬೆಗಳನ್ನು ನಡೆಸಿ ಮನೆಗೆ ಬಂದ ಗಂಡ ಹೆಂಡತಿಗೆ ಅದು ಬೇಡವಾಗಿತ್ತು. ಈಗ ಮುಖ ಹೇಗೆ ತಿರುಗುತ್ತಿತ್ತು ಎಂಬುದೇ ಮಸುಕಾಗುತ್ತಿದೆ. ಚಳಿಗಾಲ ಮುಗಿಯುವುದರೊಳಗೆ ನನಗೆ ಅವನು ಒಮ್ಮೆ ನಡೆದು ಬರಬೇಕು.

ಇನ್ನೊಂದು: ದಪ್ಪ ಪೆನ್ನಿನಲ್ಲಿ, ದೊಡ್ಡದಾಗಿ ಬರೆ. ನಿನ್ನ ಅಕ್ಷರ ಇರುವೆ ಸಾಲು.

ನಿಶಿವಾಕಿ ತೊಮೊಯೆ


ನೆರಿಮಾ, ಟೋಕಿಯೊ
ಅಕ್ಟೋಬರ್ 31, 2018

ತೊಮೊಯೆ-ಸಾನ್ ಅವರಿಗೆ,

ಮೂರು ವಾರ ತಡ ಮಾಡಿದ್ದಕ್ಕೆ ಕ್ಷಮಿಸಿ. ಶಾಲೆಯಲ್ಲಿ ಪರೀಕ್ಷೆ ಇತ್ತು. ನಿಜ ಹೇಳಬೇಕೆಂದರೆ ನಿಮ್ಮ ಪತ್ರವನ್ನು ಚೀಲದಲ್ಲಿಟ್ಟುಕೊಂಡೇ ಓಡಾಡಿದೆ. ಅಕ್ಷರದ ವಿಷಯದಲ್ಲಿ ಇಪ್ಪತ್ತೊಂದನೇ ವಯಸ್ಸಿನಲ್ಲಿ ಬೈಸಿಕೊಂಡಿದ್ದೆ, ಅರವತ್ತರಲ್ಲೂ ಬೈಸಿಕೊಂಡೆ. ಮನಸ್ಸಿಗೆ ಒಂಥರಾ ಹಿತವಾಯಿತು.

ಕೆಲಸ ನೀವು ಅಂದುಕೊಂಡಷ್ಟು ಹೊಸದಲ್ಲ. ಒಂದು ಸೆಕೆಂಡಿಗೆ ಎಂಟು ಚಿತ್ರ, ನಾವು ಮಾಡುತ್ತಿದ್ದ ಹಾಗೆಯೇ. ಒಂದು ಮೆಟ್ಟಿಲಿಗೆ ಹನ್ನೆರಡು ಚಿತ್ರ ಸಾಕು. ಹನ್ನೆರಡನೆಯದು ಮುಗಿದ ಮೇಲೆ ಆ್ಯಪ್ ತಾನಾಗಿ ಮೊದಲನೆಯದಕ್ಕೆ ಹೋಗುತ್ತದೆ. ಹಿಂದಿನ ಚಿತ್ರ ತೆಳುವಾಗಿ ಕೆಳಗಿನಿಂದ ಕಾಣುವ ವ್ಯವಸ್ಥೆ ಇದೆ. ಅದೇ ನಿಮ್ಮ ಬೆಳಕಿನ ಮೇಜು ಅಂದುಕೊಳ್ಳಿ. ಮುಖವನ್ನು ಬೇರೆ ಪದರದಲ್ಲಿ ಬರೆಯಿರಿ. ಕಾಲು ತಪ್ಪಾದರೆ ಕಾಲನ್ನಷ್ಟೇ ಅಳಿಸಬಹುದು, ಮುಖಕ್ಕೆ ಏನೂ ಆಗುವುದಿಲ್ಲ. ವಿವರವಾಗಿ ಬರೆದು ಇದರೊಂದಿಗೆ ಇಟ್ಟಿದ್ದೇನೆ.

ಒಂದು ಮಾತು. ಬಗ್ಗದ ಕಾಲಿನ ಹತ್ತುವಿಕೆ ಬಹಳ ಕಷ್ಟದ ಕೆಲಸ. ಅಪಘಾತಕ್ಕೆ ಮುಂಚೆ ಶಿನ್ಸಾಕು-ಸಾನ್ ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದರಲ್ಲ. ಅದನ್ನೇ ಬರೆದರೆ ಹೇಗೆ? ಎಂಟು ಚಿತ್ರದಲ್ಲಿ ಮುಗಿಯುತ್ತದೆ. ನೋಡುವುದಕ್ಕೂ ಸಂತೋಷ.

ಕಜಿತಾನಿ ರ್ಯೋಹೇಯ್


ಸಕಾತಾ
ನವೆಂಬರ್ 18, 2018

ಕಜಿತಾನಿ-ಕುನ್,

ಕಷ್ಟದ ಕೆಲಸವಂತೆ! ಯಾರಿಗೆ ಹೇಳುತ್ತಿದ್ದೀಯ? ನೀನು ಎಂಟೇ ತಿಂಗಳಲ್ಲಿ ಮುಖ್ಯ ಚಿತ್ರಕ್ಕೆ ಹಾರಿದೆ. ನಾನು ಇಪ್ಪತ್ತು ವರ್ಷ ನಡುಚಿತ್ರದಲ್ಲೇ ಕೂತೆ. ನೀನು ಕೈ ಎತ್ತಿದ್ದೊಂದು ಚಿತ್ರ, ಇಳಿಸಿದ್ದೊಂದು ಚಿತ್ರ ಬರೆದು ಚಹಾಕ್ಕೆ ಎದ್ದು ಹೋಗುತ್ತಿದ್ದೆ. ಆ ಕೈ ನಡುವೆ ಎಲ್ಲಿತ್ತು ಎಂದು ಹುಡುಕುತ್ತಿದ್ದವಳು ನಾನು. ಕುಂಟುವವರು, ಕುಡಿದವರು, ಮೂಟೆ ಹೊತ್ತವರು, ಎಷ್ಟು ಜನರನ್ನು ನಡೆಸಿಲ್ಲ! ನನ್ನ ಗಂಡನನ್ನು ನಡೆಸಲಾರೆನೆ?

ಎರಡೆರಡು ಮೆಟ್ಟಿಲು ಹಾರುತ್ತಿದ್ದ ಶಿನ್ಸಾಕುವನ್ನು ಸ್ಟುಡಿಯೊದಲ್ಲಿ ಎಲ್ಲರೂ ನೋಡಿದ್ದಾರೆ. ಕಾಲು ಎಳೆಯುವವನು ಮೂವತ್ತು ವರ್ಷ ನನ್ನ ಜೊತೆ ಬದುಕಿದವನು. ನನಗೆ ಅವನೇ ಬೇಕು.

ಟ್ಯಾಬ್ಲೆಟ್ ವಿಷಯಕ್ಕೆ ಬರುತ್ತೇನೆ. ಗಾಜಿನ ಮೇಲೆ ಪೆನ್ನು ಜಾರುತ್ತದೆ, ಸಾಬೂನಿನ ಮೇಲೆ ಬರೆದ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ ಬೆರಳುಗಳಿಗೆ ಕೆಲಸವಿಲ್ಲ. ಐದು ಹಾಳೆಗಳನ್ನು ಎಡಗೈ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಮಗುಚುತ್ತಿದ್ದೆವಲ್ಲ, ಚಿತ್ರ ಅಲುಗಾಡುತ್ತದೋ ಇಲ್ಲವೋ ನೋಡಲು. ಮಧ್ಯಾಹ್ನ ಇಡೀ ಕೋಣೆಯಲ್ಲಿ ಅದೊಂದೇ ಸದ್ದು, ಜೊತೆಗೆ ಕೆಳಗಿನ ತೋಫು ಅಂಗಡಿಯ ಯಂತ್ರ. ಅದರ ನಡುವೆ ಕಬ್ಬಿಣದ ಮೆಟ್ಟಿಲು ಢಣ್ ಎಂದರೆ ಇಡೀ ಸಾಲು ತಲೆ ತಗ್ಗಿಸುತ್ತಿತ್ತು, ಶಿನ್ಸಾಕು ಮುಗಿದ ಹಾಳೆಗಳ ವಸೂಲಿಗೆ ಬಂದ ಎಂದು. "ಆಯ್ತೇನ್ರೀ? ಆಗಿಲ್ವಾ? ಅಯ್ಯೋ, ನನ್ನ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಾ?" ಅನ್ನುತ್ತಿದ್ದ. ನನ್ನ ಮೇಜಿನ ಹತ್ತಿರ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹಾಗೇ ಮದುವೆಯಾದೆವು.

ಕಾಲುಗಳು ಆರನೇ ಚಿತ್ರದವರೆಗೆ ಬಂದಿವೆ. ಅವುಗಳನ್ನು ನೋಡಿ ಬರೆಯುವ ಅಗತ್ಯವಿಲ್ಲ, ಕೈಗೇ ಗೊತ್ತು. ಮುಖಕ್ಕೆ ಸಮಯ ಹಿಡಿಯುತ್ತದೆ. ಕಾಕಿ ಹಣ್ಣು ಒಣಹಾಕಿದ್ದೆ, ಹತ್ತು ಕಳಿಸಿದ್ದೇನೆ. ಶಾಲೆಯಲ್ಲಿ ಹಂಚಿಬಿಡಬೇಡ, ನೀನೇ ತಿನ್ನು.

ತೊಮೊಯೆ


ಸಕಾತಾ
ಫೆಬ್ರವರಿ 2, 2019

ಕಜಿತಾನಿ-ಕುನ್,

ಮುಗಿಯಿತು. ಕಾಲುಗಳಿಗೆ ಒಂದು ತಿಂಗಳು, ಮುಖಕ್ಕೆ ಏಳು ವಾರ. ಹಿಸಾಯೊ ಇದನ್ನು ಮೆಮೊರಿ ಕಾರ್ಡಿಗೆ ಹಾಕಿಕೊಟ್ಟಳು. ಅವಳಿಗೆ ತೋರಿಸಲಿಲ್ಲ. ಮೊದಲು ನೀನು ನೋಡು. ನಾನು ನಿನ್ನ ಚಿತ್ರಗಳನ್ನು ನೋಡುತ್ತಿದ್ದ ಹಾಗೆ ನೋಡು, ದಾಕ್ಷಿಣ್ಯ ಬೇಡ. ಕಾಲು ಬಿಡು, ಅದು ಸರಿಯಾಗಿದೆ. ಮುಖ ಹೇಗಿದೆ ಎಂದು ಬರೆ.

ತೊಮೊಯೆ


ನೆರಿಮಾ
ಫೆಬ್ರವರಿ 11, 2019

ತೊಮೊಯೆ-ಸಾನ್,

ರಜೆಯ ದಿನ ಶಾಲೆಯಲ್ಲಿ ಒಬ್ಬನೇ ಕೂತು ನೋಡಿದೆ. ಎಷ್ಟು ಬಾರಿ ಎಂದು ಎಣಿಸಲಿಲ್ಲ. ಲೂಪ್ ಅಲ್ಲವೆ, ಎದ್ದು ಬರುವುದಕ್ಕೆ ಸರಿಯಾದ ಜಾಗವೇ ಸಿಗುವುದಿಲ್ಲ.

ಆ ಎಡಗಾಲು! ಸೊಂಟ ಮೊದಲು ಏಳುತ್ತದೆ, ಕಾಲು ಆಮೇಲೆ ಒಲ್ಲದ ಮನಸ್ಸಿನಿಂದ ಹಿಂದೆ ಬರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇದನ್ನು ಬರೆಯಲಾರರು. ನಾನೂ ಬರೆಯಲಾರೆ.

ಮುಖದ ಬಗ್ಗೆ ಕೇಳಿದ್ದಿರಿ. ಮೊದಲು ಗಾಬರಿಯಾಯಿತು, ಆಮೇಲೆ ಅರ್ಥವಾಯಿತು. ಮುಖವನ್ನು ಖಾಲಿ ಬಿಡುವ ಧೈರ್ಯ ನಿಮಗಲ್ಲದೆ ಇನ್ಯಾರಿಗೆ ಬರುತ್ತದೆ? ಕೂದಲಿದೆ, ಕಿವಿಯಿದೆ, ಕೊರಳಿಗೆ ಸುತ್ತಿದ ಟವೆಲ್ಲಿದೆ. ನಡುವೆ ಬರೀ ಬಿಳಿ. ಹೋದವರ ಮುಖ ನೆನಪಿನಲ್ಲಿ ಹಾಗೇ ಇರುತ್ತದೆ. ಒಂದು ಗೆರೆಯನ್ನೂ ಸೇರಿಸಬೇಡಿ. ನಾನು ಕಲಿಸುವ ಮೇಷ್ಟ್ರಾಗಿ ಹೇಳುತ್ತಿಲ್ಲ, ನಿಮ್ಮ ಹಳೆಯ ಶಿಷ್ಯನಾಗಿ ತಲೆಬಾಗಿ ಹೇಳುತ್ತಿದ್ದೇನೆ.

ಕಜಿತಾನಿ


ಸಕಾತಾ
ಫೆಬ್ರವರಿ 20, 2019

ಕಜಿತಾನಿ-ಕುನ್,

ನಾನು ಮುಖ ಬರೆದಿದ್ದೆ.

ಹನ್ನೆರಡು ಮುಖ. ಕಣ್ಣಿನ ಕೆಳಗಿನ ಚೀಲ, ಹಲ್ಲಿನ ಸಂದಿ, ಮೂಗಿನ ಪಕ್ಕದ ಮಚ್ಚೆ, ಎಲ್ಲ. ಏಳು ವಾರ.

ನಿನ್ನ ಪತ್ರ ಬಂದ ಮೇಲೆ ಟ್ಯಾಬ್ಲೆಟ್ಟನ್ನು ಹಿಸಾಯೊ ಮುಂದೆ ಇಟ್ಟು, "ಮುಖ ಇದೆಯೇನೇ?" ಎಂದು ಕೇಳಿದೆ. ಅವಳು ಕತ್ತರಿ ಕೆಳಗಿಟ್ಟು ಹತ್ತಿರ ಬಂದು ನೋಡಿದಳು. ಆಮೇಲೆ, "ಇಲ್ಲ ಅತ್ತೆ. ನಿಮಗೆ ಕಾಣ್ಸಲ್ವಾ?" ಅಂದಳು.

ಕಾಣಿಸುವುದಿಲ್ಲ. ಹೇಳಬಾರದು ಅಂದುಕೊಂಡಿದ್ದೆ, ಈಗ ಹೇಳುತ್ತೇನೆ. ಎರಡೂ ಕಣ್ಣಿನ ನಡುಭಾಗ ಹೋಗುತ್ತಿದೆ. ಅಂಚು ಉಳಿದಿದೆ. ಯಾವುದನ್ನು ನೋಡಬೇಕೆಂದು ದೃಷ್ಟಿ ಇಡುತ್ತೇನೋ ಅಲ್ಲೇ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಆಗುತ್ತದೆ. ಚುಚ್ಚುಮದ್ದು ಕೊಡುತ್ತಿದ್ದಾರೆ, ಅದು ನಿಧಾನ ಮಾಡುತ್ತದಂತೆ, ನಿಲ್ಲಿಸುವುದಿಲ್ಲ. ಬೇಸಿಗೆಯ ಹೊತ್ತಿಗೆ ಇಷ್ಟೂ ಇರುವುದಿಲ್ಲ. ಯಾರ ಮುಖ ನೋಡಿದರೂ ಅಲ್ಲಿ ಮುಖ ಇರುವುದಿಲ್ಲ. ಹಾಗಾಗಿ ಶಿನ್ಸಾಕುವಿನ ಮುಖ ಇಲ್ಲದಿದ್ದರೂ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ನಿನ್ನ ಮೇಲೆ ಕೋಪವಿಲ್ಲ. ನಾನೇ ಮುಚ್ಚಿಟ್ಟೆ, ನೀನು ಇದ್ದದ್ದನ್ನು ಹೊಗಳಿದೆ. ಆದರೆ ಆ ಹೊಗಳಿಕೆಯನ್ನು ಇನ್ನೊಮ್ಮೆ ಓದಲಾರೆ. ಟ್ಯಾಬ್ಲೆಟ್ಟನ್ನೇ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿದ್ದೇನೆ. ಆ ಮುಖಗಳು ಒಳಗೆ ಎಲ್ಲಾದರೂ ಇದ್ದರೆ ಹುಡುಕಿಕೊಡು.

ತೊಮೊಯೆ


ನೆರಿಮಾ
ಮಾರ್ಚ್ 6, 2019

ತೊಮೊಯೆ-ಸಾನ್,

ಈ ಪತ್ರವನ್ನು ಅತ್ಯಂತ ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನವೇ ಕೇಳಿದ್ದಿರಿ, ನಾನು ತಮಾಷೆ ಅಂದುಕೊಂಡೆ. ಮುಖ ಖಾಲಿ ಬಿಟ್ಟದ್ದನ್ನು ಕಲೆ ಎಂದೆ. ಅದನ್ನು ನೆನೆದರೆ ಕೂತಲ್ಲೇ ಮೈ ಬಿಸಿಯಾಗುತ್ತದೆ.

ಮುಖಗಳು ಇವೆ. ಮುಖದ ಪದರ ಯಾವಾಗಲೋ ಬೆರಳು ತಾಗಿ ಮರೆಯಾಗಿತ್ತು, ಅದನ್ನು ತೆರೆದೆ. ಆದರೆ ಹನ್ನೆರಡೂ ಒಂದೇ ಚಿತ್ರದ ಮೇಲೆ, ಒಂದರ ಮೇಲೊಂದು ಬಿದ್ದಿವೆ. ಕಾಲಿನ ಪದರದಲ್ಲಿ ಮುಂದಿನ ಚಿತ್ರಕ್ಕೆ ಹೋದಾಗ ಮುಖದ ಪದರದಲ್ಲೂ ಹೋಗಬೇಕು ಎಂದು ನಾನು ಬರೆದಿರಲಿಲ್ಲ. ಹೊಸಬರು ಎಲ್ಲರೂ ಮಾಡುವ ತಪ್ಪು, ನಾನು ಮೊದಲ ವಾರವೇ ಎಚ್ಚರಿಸುತ್ತೇನೆ. ನಿಮಗೆ ಮಾತ್ರ ಹೇಳಲಿಲ್ಲ. ಬೇಗ ಉತ್ತರ ಬರೆದು ಕೈತೊಳೆದುಕೊಳ್ಳುವ ಅವಸರದಲ್ಲಿದ್ದೆ.

ಆ ಅವಸರಕ್ಕೆ ಕಾರಣವಿದೆ. ನೀವು ನಿಮ್ಮದನ್ನು ಹೇಳಿದಿರಿ, ನಾನೂ ಹೇಳದಿದ್ದರೆ ಮನುಷ್ಯನಲ್ಲ.

1986ರ ಫೆಬ್ರವರಿಯಲ್ಲಿ ಶಿನ್ಸಾಕು-ಸಾನ್ ಬೈಕಿನಿಂದ ಬಿದ್ದ ದಿನ ನನಗೆ ಜ್ವರ ಎಂದು ಎಲ್ಲರೂ ನಂಬಿದ್ದಿರಿ. ಜ್ವರ ಇರಲಿಲ್ಲ. ಬೆಳಿಗ್ಗೆ ಕೊಡಬೇಕಾದ ಚಿತ್ರಗಳನ್ನು ಮುಗಿಸದೆ ನಿಲ್ದಾಣದ ಎದುರಿನ ಪಾಚಿಂಕೊ ಜೂಜಿನ ಅಂಗಡಿಯಲ್ಲಿ ಉಕ್ಕಿನ ಗುಂಡು ಉರುಳಿಸುತ್ತ ಕೂತಿದ್ದೆ. ಮಧ್ಯಾಹ್ನ ಮನೆಗೆ ಬಂದರೆ ಅವರು ನನ್ನ ಬಾಗಿಲ ಮುಂದೆ ಕೂತಿದ್ದರು. "ಬಂದ್ರಾ ಮಹಾರಾಜ್ರು? ಬರೀರಿ, ನಾನು ನಿಮಗೆ ಗಂಜಿ ಕಾಯಿಸ್ತೀನಿ" ಅಂದರು. ಮೂರೂವರೆಗೆ ಹಾಳೆ ಕೊಟ್ಟೆ. ಐದಕ್ಕೆ ಅದು ಕ್ಯಾಮೆರಾದ ಕೆಳಗೆ ಇರಬೇಕಿತ್ತು. ಹಿಮ ಬೆರೆತ ಮಳೆ. ಅವರು ಎಲ್ಲ ದಿನಕ್ಕಿಂತ ಜೋರಾಗಿ ಹೋದರು.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, "ಜ್ವರ ಬಂದಿತ್ತು ಅಂತ ಹೇಳಿದ್ದೀನಿ, ನೀವೂ ಹಾಗೇ ಹೇಳಿ" ಅಂದರು. ಮತ್ತೆ ಆ ಮಾತು ಎತ್ತಲೇ ಇಲ್ಲ. ನಿಮಗೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಅಕ್ಟೋಬರಿನಲ್ಲಿ ನಿಮ್ಮ ಪತ್ರ ಬಂದಾಗ, ಎಲ್ಲ ತಿಳಿದು ಕೆಣಕುತ್ತಿದ್ದೀರಿ ಎಂದೇ ತಿಳಿದೆ. ಕುಂಟುವ ಮುಂಚಿನ ನಡಿಗೆ ಬರೆಯಿರಿ ಅಂದದ್ದು ಅದಕ್ಕೆ. ಅವರ ಅಂತ್ಯಕ್ರಿಯೆಗೆ ಬಾರದಿದ್ದದ್ದೂ ಅದಕ್ಕೇ.

ಟ್ಯಾಬ್ಲೆಟ್ ನನ್ನಲ್ಲಿದೆ. ವಾಪಸು ಕಳಿಸು ಎಂದರೆ ಕಳಿಸುತ್ತೇನೆ.

ಕಜಿತಾನಿ ರ್ಯೋಹೇಯ್


ಸಕಾತಾ
ಮೇ 7, 2019

ಕಜಿತಾನಿ,

ಅಕ್ಷರ ಹಿಸಾಯೊದು, ಮಾತು ನನ್ನದು. ಎರಡು ತಿಂಗಳು ಸುಮ್ಮನಿದ್ದೆ. ಅಷ್ಟರಲ್ಲಿ ಹೊಸ ಚಕ್ರವರ್ತಿ ಬಂದರು, ಯುಗದ ಹೆಸರೂ ಬದಲಾಯಿತು. ನನಗೆ ನಿನ್ನ ಮೇಲಿನ ಸಿಟ್ಟು ಇಳಿಯಲಿಲ್ಲ. ಮಾರ್ಚ್ ಪೂರ್ತಿ ನಿನ್ನನ್ನು ಬೈದೆ. ಏಪ್ರಿಲ್ ಪೂರ್ತಿ ಬುದ್ಧನ ಗೂಡಿನಲ್ಲಿರುವ ಫೋಟೊ ಮುಂದೆ ಕೂತು ಶಿನ್ಸಾಕುವನ್ನು ಬೈದೆ. ಹೆಂಡತಿಗೆ ಹೇಳದೆ ಸತ್ತನಲ್ಲ.

ಕ್ಷಮಿಸಿದ್ದೇನೆ ಎಂದು ಬರೆ ಅಂತ ಹಿಸಾಯೊಗೆ ನಾನು ಹೇಳಿಲ್ಲ. ನಿನಗೆ ಕೆಲಸ ಹೇಳುತ್ತಿದ್ದೇನೆ.

ಇದರೊಂದಿಗೆ ನಾಲ್ಕು ಹಾಳೆ ಇವೆ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಕುಂಚದಿಂದ ಬರೆದದ್ದು, ತಟ್ಟೆಯಗಲ ಮುಖಗಳು. ನನಗೀಗ ಇಷ್ಟು ದೊಡ್ಡದು ಮಾತ್ರ ಸಾಧ್ಯ. ಕಾಲುಗಳೂ ಇವೆ. ನಾನು ಹಿಂದೆ ಬರೆದವನ್ನು ಅಳಿಸಿಬಿಡು. ಇವು ಒಂದು, ನಾಲ್ಕು, ಏಳು, ಹತ್ತನೇ ಚಿತ್ರಗಳು. ಮುಖ್ಯ ಚಿತ್ರ ನನ್ನದು. ನಡುವಿನ ಎಂಟು ನೀನು ಬರೆ. ಒಟ್ಟು ಹನ್ನೆರಡು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಇಪ್ಪತ್ತು ವರ್ಷ ನಿಮ್ಮಂಥವರ ನಡುವಿನದನ್ನು ನಾನು ತುಂಬಿದೆ. ಈಗ ನನ್ನದನ್ನು ನೀನು ತುಂಬು. ಆ ಎಡಗಾಲನ್ನು ನೀನೇ ಎತ್ತಿ ಮೆಟ್ಟಿಲ ಮೇಲೆ ಇಡಬೇಕು. ಕಂಪ್ಯೂಟರಿನಿಂದ ತಾನಾಗಿ ಮಾಡಿಸಿದರೆ ನನಗೆ ಗೊತ್ತಾಗುತ್ತದೆ. ಕಣ್ಣು ಹೋಗಿರಬಹುದು, ಲಯ ಹೋಗಿಲ್ಲ.

ಡಾಕ್ಟರ್ ಹೇಳಿದ ಬೇಸಿಗೆ ಹತ್ತಿರ ಬಂತು. ಬೇಗ.

ತೊಮೊಯೆ

(ಹಿಸಾಯೊ ನಾನು. ಅತ್ತೆ ಮಲಗಿದ ಮೇಲೆ ಒಂದು ಸಾಲು ಸೇರಿಸುತ್ತಿದ್ದೇನೆ. ಆ ನಾಲ್ಕು ಹಾಳೆಗೆ ಅವರು ಅರವತ್ತು ಹಾಳೆ ಹರಿದಿದ್ದಾರೆ.)


ನೆರಿಮಾ
ಜೂನ್ 16, 2019

ತೊಮೊಯೆ-ಸಾನ್,

ಇದನ್ನು ಹಿಸಾಯೊ-ಸಾನ್ ಓದಿ ಹೇಳುತ್ತಿದ್ದಾರೆಂದು ಭಾವಿಸುತ್ತೇನೆ. ಅವರಿಗೂ ನನ್ನ ನಮಸ್ಕಾರ.

ನಾನು ನಿಮಗೆ ಹೇಳದ ಇನ್ನೊಂದು ವಿಷಯವಿತ್ತು. ಹನ್ನೊಂದು ವರ್ಷದಿಂದ ನಾನು ಚಿತ್ರ ಬರೆದಿಲ್ಲ. ಬೇರೆಯವರು ಬರೆದದ್ದರ ಮೇಲೆ ಮಾತಾಡಿ ಸಂಬಳ ತೆಗೆದುಕೊಳ್ಳುತ್ತೇನೆ. ಮೊದಲ ಹತ್ತು ದಿನ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ತರಗತಿ ಮುಗಿದ ಮೇಲೆ ಅಲ್ಲೇ ಕೂತು ಬರೆಯುತ್ತಿದ್ದೆ. ಒಬ್ಬಳು ವಿದ್ಯಾರ್ಥಿನಿ ಹಿಂದೆ ಬಂದು ನಿಂತು, "ಸಾರ್, ನೀವೂ ಬರೀತೀರಾ?" ಎಂದು ಕೇಳಿದಳು. ಆಮೇಲೆ ಮೆಲ್ಲಗೆ, "ಮೊಣಕಾಲು ತಪ್ಪಾಗಿದೆ ಸಾರ್" ಅಂದಳು. ತಪ್ಪಾಗಿತ್ತು.

ಒಂದು ಎಡಗಾಲಿಗೆ ಐದು ವಾರ ಹಿಡಿಯಿತು. ಅಳಿಸು ಅಂದಿದ್ದಿರಿ, ಆದರೆ ಆ ಹೆಣೆದುಕೊಂಡ ಹನ್ನೆರಡು ಮುಖಗಳಿಂದ ಮೂರನ್ನು ಗೆರೆ ಗೆರೆ ಬಿಡಿಸಿ ತೆಗೆದು, ನಾನು ಬರೆದ ಚಿತ್ರಗಳಲ್ಲಿ ಮೂರಕ್ಕೆ ಅವನ್ನೇ ಇಟ್ಟಿದ್ದೇನೆ. ಟ್ಯಾಬ್ಲೆಟ್ ಕಳಿಸುತ್ತಿದ್ದೇನೆ. ಸಾಧ್ಯವಾದರೆ ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿ ನೋಡಿ. ದಾಕ್ಷಿಣ್ಯ ಬೇಡ.

ಕಜಿತಾನಿ


ಸಕಾತಾ
ಜೂನ್ 28, 2019

ಕಜಿತಾನಿ-ಕುನ್,

ಈ ಸಲವೂ ಅಕ್ಷರ ಹಿಸಾಯೊದು. ಸೋಮವಾರ ಅವಳ ಅಂಗಡಿಗೆ ರಜೆ. ಯಾರಿಂದಲೋ ಪ್ರೊಜೆಕ್ಟರ್ ತಂದು, ಕನ್ನಡಿಗಳಿಗೆ ಬಟ್ಟೆ ಹೊದಿಸಿ, ಬಿಳಿ ಗೋಡೆಯ ಮೇಲೆ ಬಿಟ್ಟಳು. ನೇರ ನೋಡಿದರೆ ನನಗೆ ಏನೂ ಇಲ್ಲ. ಪಕ್ಕದ ಬಾಗಿಲ ಚೌಕಟ್ಟಿನ ಮೇಲೆ ದೃಷ್ಟಿ ಇಟ್ಟು ಕೂತೆ. ಆಗ ಕಣ್ಣಿನ ಅಂಚಿನಲ್ಲಿ ಅವನು ಹತ್ತಿದ.

ಮೂಗು ಅವನದಲ್ಲ. ನಿನಗೆ ಯಾವ ಕಾಲದಲ್ಲೂ ಮೂಗು ಬರಲಿಲ್ಲ. ಹಿಸಾಯೊ ಮಾತ್ರ "ಮಾವನೇ, ಮಾವನೇ" ಎಂದು ಅತ್ತಳು. ನಾನು ಅಳಲಿಲ್ಲ, ಮೇಜಿನ ಮೇಲೆ ಬೆರಳು ಬಡಿಯುತ್ತ ಎಣಿಸುತ್ತಿದ್ದೆ. ಎಣಿಕೆ ಕೂಡಲಿಲ್ಲ. ಇನ್ನೊಮ್ಮೆ ಎಣಿಸಿದೆ.

ಹನ್ನೆರಡು ಅಂದಿದ್ದೆ. ನೀನು ಹದಿಮೂರು ಬರೆದಿದ್ದೀಯ.

ಕೇಳದೆ ಚಿತ್ರ ಸೇರಿಸಿದವರಿಗೆ ನಾನು ಏನು ಮಾಡುತ್ತಿದ್ದೆ ಎಂದು ನೆನಪಿದೆಯಲ್ಲ? ಇಡೀ ಕಟ್ಟನ್ನು ಮುಖದ ಮುಂದೆ ಹಿಡಿದು ಹೊಸದಾಗಿ ಬರೆ ಎನ್ನುತ್ತಿದ್ದೆ. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಆ ಹೆಚ್ಚಿನ ಚಿತ್ರ ಎಲ್ಲಿದೆ ಎಂದು ಹೊಳೆಯಿತು. ಬಲಗಾಲು ಇಟ್ಟ ಮೇಲೆ, ಎಡಗಾಲು ಎತ್ತುವ ಮುಂಚೆ. ಅಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ಹಿಸಾಯೊಗೆ ಅಲ್ಲಿ ನಿಲ್ಲಿಸಲು ಹೇಳಿದೆ. "ಏನ್ ಮಾಡ್ತಿದ್ದಾರೆ ನೋಡೇ" ಅಂದೆ. "ಕಂಬಿ ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ ಅತ್ತೆ. ಹಲ್ಲು ಕಚ್ಚಿದ್ದಾರೆ. ಕಣ್ಣು ಮುಚ್ಚಿದ್ದಾರೆ" ಅಂದಳು.

ಹಾಗೆ ನಿಂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆ ಮೆಟ್ಟಿಲು ಅರ್ಧದಲ್ಲಿ ತಿರುಗುತ್ತಿತ್ತು. ನನ್ನ ಕಿಟಕಿಗೆ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಅಲ್ಲಿ ಅವನು ಎಂದೂ ನಿಲ್ಲುತ್ತಿರಲಿಲ್ಲ, ನಗುತ್ತಲೇ ಬರುತ್ತಿದ್ದ. ಕೆಳಗಿನ ಅರ್ಧ ಕಾಣುತ್ತಿದ್ದದ್ದು ತೋಫು ಅಂಗಡಿಯ ಹಿಂದೆ ನಿಂತು ಸಿಗರೇಟು ಸೇದುತ್ತಿದ್ದವರಿಗೆ. ಅಂದರೆ ನಿನಗೆ. ಆ ನೋವನ್ನು ಅವನು ಕೆಳಗೇ ಮುಗಿಸಿ ಮೇಲೆ ಬರುತ್ತಿದ್ದ. ನೀನು ಅದನ್ನು ದಿನವೂ ನೋಡುತ್ತಿದ್ದೆ. ನೋಡಿದ್ದನ್ನು ಮೂವತ್ತಮೂರು ವರ್ಷ ಹೊತ್ತುಕೊಂಡು ತಿರುಗಿದ್ದೀಯ.

ಆ ಚಿತ್ರ ಇರಲಿ. ತೆಗೆಯಬೇಡ. ಕಣ್ಣು ಹೋಗುವ ಕಾಲಕ್ಕೆ ನನ್ನ ಗಂಡನಲ್ಲಿ ನಾನು ಕಾಣದಿದ್ದದ್ದೊಂದು ಸಿಕ್ಕಿತು. ಆಗಸ್ಟಿನಲ್ಲಿ, ಸತ್ತವರು ಮನೆಗೆ ಬರುವ ಓಬೋನ್ ಹಬ್ಬಕ್ಕೆ, ನೀನೂ ಬಾ. ನಾನು ಹೇಳುತ್ತೇನೆ, ನೀನು ಮೂಗು ತಿದ್ದು.

ಹಿಸಾಯೊ ಊಟಕ್ಕೆ ಎದ್ದು ಹೋದ ಮೇಲೂ ಅವನು ಹತ್ತುತ್ತಲೇ ಇದ್ದ. ಆ ಸ್ಟುಡಿಯೊದಲ್ಲಿ ನಾವೆಲ್ಲರೂ ಅವನನ್ನು ಕಾಯಿಸಿದೆವು, ಕಾಯಿಸಿ ಓಡಿಸಿದೆವು. ಯಾರೂ ಹೇಳದಿದ್ದ ಮಾತನ್ನು ಬಾಗಿಲ ಚೌಕಟ್ಟು ನೋಡಿಕೊಂಡೇ ಹೇಳಿದೆ: "ನಿಧಾನಕ್ಕೆ ಬಾ ಮಾರಾಯ. ಯಾರಿಗೂ ಅವಸರ ಇಲ್ಲ."

ತೊಮೊಯೆ